ಆಂಗ್ಲೋ-ಸ್ಯಾಕ್ಸನ್ ಬ್ರೋಚ್‌ಗಳ ಲೋಹ ಟೆಸ್ಟ್ ಮಾಡಿದ್ರೆ ಏನು ಗೊತ್ತಾಗತ್ತೆ?

ತುಂಬಾನೇ ಗೊತ್ತಾಗತ್ತೆ. 5-6ನೇ ಶತಮಾನದ ಇಂಗ್ಲೆಂಡಿನ ಸಮಾಧಿಗಳಲ್ಲಿ ಸಿಗೋ, ಬಟ್ಟೆಗೆ ಸಿಕ್ಕಿಸ್ತಿದ್ದ ಈ ಬ್ರೋಚ್‌ಗಳನ್ನ ಎಕ್ಸ್‌ಆರ್‌ಎಫ್‌ನಲ್ಲಿ (ಎಕ್ಸ್-ರೇ ಬಿಟ್ಟು ಯಾವ್ಯಾವ ಲೋಹ ಎಷ್ಟೆಷ್ಟಿದೆ ಅಂತ ಹೇಳೋ ಪರೀಕ್ಷೆ) ನೋಡಿದ್ರೆ ಎಷ್ಟೋ ಪೀಸ್‌ಗಳಲ್ಲಿ ತಾಮ್ರದ ಜೊತೆ ತವರ, ಸತು, ಸೀಸ ಎಲ್ಲಾ ಬೆರೆತಿರತ್ತೆ, ಅಂದ್ರೆ ಪೂರ್ತಿ ಕಂಚೂ ಅಲ್ಲ ಹಿತ್ತಾಳೆನೂ ಅಲ್ಲ, ರೋಮನ್ನರ ಕಾಲದ ಹಳೇ ಸಾಮಾನು ಕರಗಿಸಿ ಎರಕ ಹೊಯ್ದಿರೋ ಲಕ್ಷಣ ಅದು. ಮೇಲೆ ಚಿನ್ನದ ಜೊತೆ ಪಾದರಸ ಸಿಕ್ಕಿದ್ರೆ, ಎರಡನ್ನೂ ಕಲಸಿ ಹಚ್ಚಿ, ಬಿಸಿ ಮಾಡಿ ಪಾದರಸ ಹಾರಿಸಿ ಗಿಲೀಟು ಮಾಡಿದಾರೆ ಅಂತ. ನನಗಂತೂ ಇದೇ ಅದ್ಭುತ, ಕಣ್ಣಿಗೆ ಕಾಣದ ಚೂರು ಪಾದರಸ ಅಕ್ಕಸಾಲಿಗನ ಕೈಕೆಲಸಾನೇ ಹೇಳಿಬಿಡತ್ತೆ! ಆದ್ರೆ ಎಕ್ಸ್‌ಆರ್‌ಎಫ್ ಮೇಲ್ಪದರ ಮಾತ್ರ ಓದೋದು, ಮಣ್ಣಲ್ಲಿ ಬಿದ್ದು ಕಿಲುಬು ಹಿಡಿದಾಗ ಅಲ್ಲಿನ ಪ್ರಮಾಣ ಬದಲಾಗಿರತ್ತೆ, ಹಾಗಾಗಿ ಒಂದು ಮೂಲೇಲಿ ಸ್ವಲ್ಪ ಕೆರೆದು ಒಳಗಿನ ಲೋಹ ನೋಡಿದ್ರೇನೇ ನಂಬೋ ಅಂಕಿ ಸಿಗೋದು.