ಕಿತ್ತಳೆ ಮರದ ತೊಗಟೆ ಬಿರಿಯುತ್ತಿದೆ, ಪರಿಹಾರವೇನು?

ಪ್ರಶ್ನೆ: ನಮ್ಮ ಕಾಫಿ ತೋಟದ ಕೆಲವು ಕಿತ್ತಳೆ ಮರಗಳಲ್ಲಿ ರೆಂಬೆಗಳು ಒಣಗುತ್ತಿವೆ. ಕವಲಿನ ಬಳಿ ತೊಗಟೆ ಸೀಳಿದ್ದು, ಅದರ ಮೇಲೆ ತಿಳಿಗುಲಾಬಿ ಬಣ್ಣದ ಪೊರೆ ಕಾಣುತ್ತಿದೆ. ಇದಕ್ಕೆ ಪರಿಹಾರ ತಿಳಿಸಿ.
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನೀವು ವಿವರಿಸಿರುವ ಲಕ್ಷಣಗಳು ಶಿಲೀಂಧ್ರದಿಂದ ಬರುವ ಗುಲಾಬಿ ರೋಗವನ್ನು ಸೂಚಿಸುತ್ತವೆ. ಮಲೆನಾಡಿನ ಮಳೆಗಾಲದಲ್ಲಿ, ನೆರಳು ದಟ್ಟವಾಗಿ ಗಾಳಿಯಾಡದ ಕಡೆ, ತೇವ ಆರದೆ ಉಳಿಯುವ ಕವಲುಗಳಲ್ಲಿ ಮೊದಲು ಜೇಡರ ಬಲೆಯಂಥ ಬಿಳಿ ಎಳೆಗಳು ಹರಡಿ, ಅನಂತರ ಅವೇ ಗುಲಾಬಿ ಪೊರೆಯಾಗುತ್ತವೆ. ಶಿಲೀಂಧ್ರವು ತೊಗಟೆಯೊಳಗೆ ಇಳಿದು ಅದನ್ನು ಕೊಲ್ಲುವುದರಿಂದ ಅಲ್ಲಿಂದ ಮೇಲಿನ ಭಾಗ ಎಲೆ ಹಳದಿಯಾಗಿ ಸಾಯುತ್ತದೆ. ಹಲಸು, ಮಾವು ಮತ್ತು ಕಾಫಿಗೂ ಈ ರೋಗ ತಗಲುತ್ತದೆ. ಆದ್ದರಿಂದ ಸುತ್ತಲಿನ ಗಿಡಗಳನ್ನೂ ತಪ್ಪದೆ ಪರೀಕ್ಷಿಸಿ.

ಒಣಗಿದ ರೆಂಬೆಯನ್ನು ರೋಗದ ಗುರುತು ಮುಗಿಯುವ ಜಾಗಕ್ಕಿಂತ ಸಾಕಷ್ಟು ಕೆಳಗೆ, ಆರೋಗ್ಯವಾಗಿರುವ ಭಾಗದಲ್ಲಿ ಕತ್ತರಿಸಿ ಸುಟ್ಟುಬಿಡಿ. ತೋಟದಲ್ಲೇ ರಾಶಿ ಹಾಕುವುದು ರೋಗವನ್ನು ಸಾಕಿದಂತೆ. ದಪ್ಪ ಕೊಂಬೆಯಲ್ಲಿ ಗಾಯ ಚಿಕ್ಕದಾಗಿದ್ದರೆ ಕೊಳೆತ ತೊಗಟೆಯನ್ನು ಮಾತ್ರ ಕೆತ್ತಿ ತೆಗೆಯಬಹುದು. ಕತ್ತರಿಸಿದ ಮತ್ತು ಕೆತ್ತಿದ ಜಾಗಗಳಿಗೆ, ಮಳೆ ಬಿಡುವು ಕೊಟ್ಟಾಗ, ಶೇ. 10ರ ಬೋರ್ಡೋ ಮುಲಾಮು ಹಚ್ಚಿ. 1 ಕೆ.ಜಿ. ಮೈಲುತುತ್ತ ಮತ್ತು 1 ಕೆ.ಜಿ. ಸುಣ್ಣವನ್ನು ಬೇರೆ ಬೇರೆಯಾಗಿ ಕರಗಿಸಿ, ಒಟ್ಟು 10 ಲೀಟರ್ ನೀರಿನಲ್ಲಿ ಬೆರೆಸಿದರೆ ಇದು ಸಿದ್ಧವಾಗುತ್ತದೆ. ಕಬ್ಬಿಣದ ಪಾತ್ರೆಯನ್ನು ಬಳಸಲೇಬೇಡಿ. ಹೊಳೆಯುವ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿದಾಗ ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದೆಂದು ಅರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ.

ಮುಂದಿನ ವರ್ಷ ಮುಂಗಾರು ಹಿಡಿಯುವ ಮೊದಲೇ ನೆರಳಿನ ಮರಗಳ ಕೊಂಬೆಗಳನ್ನು ಸವರಿ, ಕಿತ್ತಳೆಯ ಕವಲುಗಳು ಚೆನ್ನಾಗಿ ನೆನೆಯುವಂತೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿ.