ಸಣ್ಣ ರಂಗಮಂದಿರಕ್ಕೆ ಸೆಕೆಂಡ್ ಹ್ಯಾಂಡ್ ಲೈಟು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು?

ನೀವು ಕೊಟ್ಟಿರುವ ವಿವರ ಇಷ್ಟು: ಮಲೆನಾಡಿನ ತಾಲ್ಲೂಕು ಊರು, ಹವ್ಯಾಸಿ ತಂಡ, 120 ಕುರ್ಚಿಯ ಹಾಲು. ವೇದಿಕೆ 24 ಅಡಿ ಅಗಲ, 18 ಅಡಿ ಆಳ, 3 ಅಡಿ ಎತ್ತರ. ಅದರ ಅಂಚಿನಿಂದ 8 ಅಡಿ ಈಚೆಗೆ, ಪ್ರೇಕ್ಷಕರ ತಲೆಯ ಮೇಲೆ, ನೆಲದಿಂದ 16 ಅಡಿ ಎತ್ತರದಲ್ಲಿ ಒಂದು ಪೈಪು ಇದೆ. ಬೆಂಗಳೂರಿನ ಬಾಡಿಗೆ ಲೈಟಿನವರೊಬ್ಬರು 20 ಎಲ್‌ಇಡಿ ಪಾರ್ (ಬಣ್ಣ ಬದಲಿಸುವ ಲೈಟು), 12 ಪಾರ್ 64 (ಡಬ್ಬಿಯಾಕಾರದ ಹ್ಯಾಲೊಜೆನ್ ಲೈಟು), 8 ಪ್ರೊಫೈಲ್ (ಬೆಳಕಿನ ಅಂಚನ್ನು ಚೂಪಾಗಿ ಕತ್ತರಿಸಬಲ್ಲ ಲೆನ್ಸ್ ಲೈಟು), 6 ಫ್ರೆನೆಲ್ (ಮೆತ್ತಗಿನ ಅಂಚಿನ ಲೆನ್ಸ್ ಲೈಟು), 2 ಡಿಮ್ಮರ್ ಪ್ಯಾಕ್ (ಬೆಳಕು ಏರಿಳಿಸುವ ಪೆಟ್ಟಿಗೆ), 4 ಮೂವಿಂಗ್ ಹೆಡ್ (ತಾನೇ ತಿರುಗುವ ಲೈಟು) ಮಾರುತ್ತಿದ್ದಾರೆ. ಎಲ್ಲ ಕೊಳ್ಳುವಷ್ಟು ದುಡ್ಡಿಲ್ಲ, ಯಾವುದು ಮೊದಲು?

ಮೊದಲು ಪ್ರೊಫೈಲ್, ಆಮೇಲೆ ಫ್ರೆನೆಲ್. ಬಣ್ಣದ ಲೈಟು ಎಷ್ಟೇ ಇರಲಿ, ಕೊನೆಯ ಸಾಲಿನಲ್ಲಿ ಕೂತವರಿಗೆ ನಟರ ಕಣ್ಣು ಕಾಣದಿದ್ದರೆ ಮಾತೂ ಸರಿಯಾಗಿ ಕೇಳಿಸದಂತಾಗುತ್ತದೆ. ಆದ್ದರಿಂದ ದುಡ್ಡಿನ ದೊಡ್ಡ ಪಾಲು ಮುಖದ ಬೆಳಕಿಗೇ ಹೋಗಲಿ.

ಪ್ರೊಫೈಲ್ ಅಂದ ಕೂಡಲೇ ಒಪ್ಪಿಕೊಳ್ಳಬೇಡಿ, ಎಷ್ಟು ಡಿಗ್ರಿ ಎಂದು ಕೇಳಿ, ಅಂದರೆ ಬೆಳಕು ಎಷ್ಟು ಅಗಲಕ್ಕೆ ಹರಡುತ್ತದೆ ಎಂದು. ವೇದಿಕೆಯ ಮೇಲೆ ನಿಂತವರ ಮುಖ ನೆಲದಿಂದ ಸುಮಾರು 8 ಅಡಿ ಎತ್ತರದಲ್ಲಿರುತ್ತದೆ, ನಿಮ್ಮ ಪೈಪು ಅದಕ್ಕಿಂತ 8 ಅಡಿ ಮೇಲಿದೆ. ಅಂಚಿನಲ್ಲಿ ನಿಂತವರಿಗೆ ಬೆಳಕು 45 ಡಿಗ್ರಿ ಇಳಿಜಾರಿನಲ್ಲಿ ಬೀಳುತ್ತದೆ, 6 ಅಡಿ ಒಳಗಿದ್ದವರಿಗೆ ಸುಮಾರು 30 ಡಿಗ್ರಿ. ಎರಡೂ ಒಳ್ಳೆಯ ಕೋನವೇ. ಒಳಗಿರುವವರಿಗೂ ಲೈಟಿಗೂ ನಡುವಿನ ದೂರ 16 ಅಡಿ. 36 ಡಿಗ್ರಿಯ ಪ್ರೊಫೈಲ್ ಅಷ್ಟು ದೂರದಲ್ಲಿ ಸುಮಾರು 10 ಅಡಿ ಅಗಲದ ವೃತ್ತ ಕೊಡುತ್ತದೆ (ದೂರವನ್ನು 0.65ರಿಂದ ಗುಣಿಸಿ). 26 ಡಿಗ್ರಿಯದು ಏಳೂವರೆ ಅಡಿ, 19 ಡಿಗ್ರಿಯದು ಐದು ಚಿಲ್ಲರೆ ಅಡಿ, ಅಂದರೆ ಒಬ್ಬರಿಗಷ್ಟೇ ಸಾಕು. ದೊಡ್ಡ ಸಭಾಂಗಣಗಳಿಂದ ಬಂದ ಹಳೆ ಸರಕಿನಲ್ಲಿ 19 ಡಿಗ್ರಿಯದೇ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಅಗ್ಗ ಎಂದು ತಂದರೆ ನಿಮ್ಮ ಹಾಲಿನಲ್ಲಿ ಚುಕ್ಕಿ ಚುಕ್ಕಿ ಬೆಳಕು ಬೀಳುತ್ತದೆ. ಸೋರ್ಸ್ ಫೋರ್ (ಇಟಿಸಿ ಕಂಪನಿಯ ಪ್ರೊಫೈಲ್) ಆದರೆ ಒಂದು ಅನುಕೂಲವಿದೆ: 19, 26, 36, 50 ಡಿಗ್ರಿಯ ಲೆನ್ಸ್ ಟ್ಯೂಬುಗಳು ಲೈಟಿನ ಒಂದೇ ಡಬ್ಬಿಗೆ ಕೂರುತ್ತವೆ, ಟ್ಯೂಬ್ ಮಾತ್ರ ಬದಲಿಸಿಕೊಳ್ಳಬಹುದು.

24 ಅಡಿಯನ್ನು 8 ಅಡಿಯ ಮೂರು ಭಾಗ ಮಾಡಿ, ಪ್ರತಿ ಭಾಗಕ್ಕೆ ಎಡದಿಂದೊಂದು, ಬಲದಿಂದೊಂದು ಎಂದರೆ 6 ಪ್ರೊಫೈಲ್. 10 ಅಡಿಯ ವೃತ್ತಗಳು ಒಂದರ ಮೇಲೊಂದು ಸ್ವಲ್ಪ ಹಾಯುವುದರಿಂದ ನಡೆದಾಡುವಾಗ ಕತ್ತಲ ಪಟ್ಟಿ ಸಿಗುವುದಿಲ್ಲ. ಹಿಂದಿನ ಅರ್ಧಕ್ಕೆ ವೇದಿಕೆಯೊಳಗಿನ ಪೈಪಿನಿಂದ 4 ಫ್ರೆನೆಲ್. ಫ್ರೆನೆಲ್ ಬೆಳಕಿನ ಅಂಚು ಮೆತ್ತಗಿರುವುದರಿಂದ ಅಲ್ಲಿ ಹೊಂದಿಕೊಂಡು ಹೋಗುತ್ತದೆ. ಅದನ್ನೇ ಮುಂದಿನ ಪೈಪಿಗೆ ಕಟ್ಟಿದರೆ ಅರ್ಧ ಬೆಳಕು ಗೋಡೆಗೂ ಸೈಡ್ ವಿಂಗಿಗೂ ಸೋರುತ್ತದೆ. ಮುಂದಿನ ಪೈಪಿಗೆ ಪ್ರೊಫೈಲ್ ಬೇಕೆನ್ನುವುದು ಅದರ ನಾಲ್ಕು ಷಟರುಗಳಿಗಾಗಿ, ಅಂದರೆ ಬೇಡದ ಕಡೆ ಬೆಳಕು ಕತ್ತರಿಸುವ ತಗಡಿನ ಪಟ್ಟಿಗಳಿಗಾಗಿ.

ಈಗ ಪರೀಕ್ಷೆ. ಮೈಬಣ್ಣ ಹೋಗಿದ್ದರೆ, ಡಬ್ಬಿ ನೆಗ್ಗಿದ್ದರೆ ತಲೆಕೆಡಿಸಿಕೊಳ್ಳಬೇಡಿ. ನೋಡಬೇಕಾದ್ದು ಬಲ್ಬಿನ ಹೋಲ್ಡರ್. ಬಲ್ಬ್ ತೆಗೆದು ಟಾರ್ಚ್ ಬಿಟ್ಟು ನೋಡಿ: ಒಳಗಿನ ಲೋಹ ಕಪ್ಪಾಗಿದ್ದರೆ, ಗುಳಿ ಬಿದ್ದಿದ್ದರೆ, ಬಲ್ಬ್ ಬಿಗಿಯಾಗಿ ಕೂರದಿದ್ದರೆ ಆ ಹೋಲ್ಡರ್ ಮುಗಿದಿದೆ. ಸಡಿಲ ಸಂಪರ್ಕದಲ್ಲಿ ಕಿಡಿ ಹಾರಿ, ಕಾವು ಏರಿ, ಹೊಸ ಬಲ್ಬಿನ ಪಿನ್ನೂ ಸುಡುತ್ತದೆ. ಆ ಬಲ್ಬನ್ನು ಇನ್ನೊಂದು ಲೈಟಿಗೆ ಹಾಕಿದರೆ ಅದರ ಹೋಲ್ಡರೂ ಕೆಡುತ್ತದೆ. ಹಾಗಾಗಿ ಬದಲಿಸುವಾಗ ಹೋಲ್ಡರ್ ಮತ್ತು ಬಲ್ಬ್ ಎರಡನ್ನೂ ಒಟ್ಟಿಗೇ ಬದಲಿಸಿ, ಆ ಖರ್ಚನ್ನು ಮಾರುವವರ ಬೆಲೆಯಿಂದ ಕಳೆದೇ ಚೌಕಾಸಿ ಮಾಡಿ. ಪಾರ್ 64ರಲ್ಲಿ ಹಿಂಬದಿಯ ಪಿಂಗಾಣಿ ಹೋಲ್ಡರಿಗೆ ತಾಗಿದ ಎರಡಿಂಚು ವೈರೇ ಮೊದಲು ಕರಟುವುದು. ಬೆರಳಲ್ಲಿ ಮಡಚಿದಾಗ ಚಕ್ಕೆ ಉದುರಿದರೆ ಸಿಲಿಕಾನ್ ಅಥವಾ ಗ್ಲಾಸ್‌ಫೈಬರ್ ಹೊದಿಕೆಯ ಶಾಖ ತಡೆಯುವ ವೈರ್ ಹಾಕಿಸಬೇಕು, ಮನೆ ವೈರಿಂಗಿನ ಪಿವಿಸಿ ಅಲ್ಲಿ ಕರಗುತ್ತದೆ.

ತುಂಬ ಹಳೆಯ, ಭಾರದ ಲೈಟಿನಲ್ಲಿ ವೈರಿಗೆ ಬಿಳಿ ನಾರಿನ ಹೊದಿಕೆ ಇದ್ದರೆ ಮುಟ್ಟಬೇಡಿ, ಎಳೆದು ನೋಡಲೂಬೇಡಿ. ಆ ಕಾಲದಲ್ಲಿ ಕಲ್ನಾರು ಬಳಸುತ್ತಿದ್ದರು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಪುಕ್ಕಟೆ ಕೊಟ್ಟರೂ ಬೇಡ.

ಪ್ರೊಫೈಲಿನ ನಾಲ್ಕೂ ಷಟರುಗಳನ್ನು ತಣ್ಣಗಿರುವಾಗ ಒಮ್ಮೆ, ಅರ್ಧ ಗಂಟೆ ಉರಿಸಿದ ಮೇಲೆ ಕೈಗವಸು ಹಾಕಿ ಇನ್ನೊಮ್ಮೆ ಎಳೆದು ನೋಡಿ. ಕಾವಿಗೆ ಸೊಟ್ಟಗಾದ ಷಟರ್ ಬಿಸಿಯಾದಾಗಲೇ ಕಚ್ಚಿಕೊಳ್ಳುತ್ತದೆ. ಗೋಡೆಗೆ ಬಿಟ್ಟು ಫೋಕಸ್ ಮಾಡಿದಾಗ ವೃತ್ತದ ಒಂದು ಬದಿ ಮಂಕಾಗಿದ್ದರೆ ಬಲ್ಬಿನ ಅಲೈನ್‌ಮೆಂಟ್ ತಪ್ಪಿರಬಹುದು, ಹಿಂದಿನ ತಿರುಪಿನಿಂದ ಸರಿಹೋಗುತ್ತದೆ. ತಿರುಪು ತಿರುಗಿಸಿದರೂ ಹೋಗದಿದ್ದರೆ ರಿಫ್ಲೆಕ್ಟರ್ ಒಡೆದಿರಬಹುದು, ಬಿಟ್ಟುಬಿಡಿ. ಫ್ರೆನೆಲ್‌ನಲ್ಲಿ ಲೆನ್ಸಿನ ಬಿರುಕು, ಬಲ್ಬನ್ನು ಹಿಂದೆ ಮುಂದೆ ಓಡಿಸುವ ತಿರುಪು, ಬಾರ್ನ್‌ಡೋರ್ (ಬೆಳಕು ತಡೆಯುವ ಮುಂಬದಿಯ ರೆಕ್ಕೆಗಳು) ಜೊತೆಗಿದೆಯೇ ಎಂಬುದು, ಈ ಮೂರು ನೋಡಿದರೆ ಸಾಕು.

ಎಲೆಕ್ಟ್ರಿಷಿಯನ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಬಣ್ಣ ಕೆರೆದ ಲೋಹಕ್ಕೂ ಪ್ಲಗ್ಗಿನ ಅರ್ತ್ ಪಿನ್ನಿಗೂ ಸಂಪರ್ಕ ಇರಲೇಬೇಕು. ಬಾಡಿಗೆ ಲೈಟುಗಳಲ್ಲಿ ಅರ್ತ್ ವೈರ್ ಕತ್ತರಿಸಿರುವುದು ಅಪರೂಪವಲ್ಲ. ಬಲ್ಬ್ ತೆಗೆದು, ಫೇಸ್ ಮತ್ತು ನ್ಯೂಟ್ರಲ್ ಸೇರಿಸಿ, 500 ವೋಲ್ಟಿನ ಮೆಗ್ಗರಿನಲ್ಲಿ (ಇನ್ಸುಲೇಷನ್ ಅಳೆಯುವ ಮೀಟರ್) ಅರ್ತಿಗೆ ಅಳೆದಾಗ 1 ಮೆಗಾ ಓಮಿಗಿಂತ ಕಡಿಮೆ ಬರಬಾರದು. ನಿಮ್ಮ ಕಡೆ ಮಳೆಗಾಲದಲ್ಲಿ ತೇವ ಕೂತು ಕಡಿಮೆ ತೋರಿಸಬಹುದು. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ಅಳೆಯಿರಿ, ಆಗಲೂ ಏರದಿದ್ದರೆ ಒಳಗಿನ ವೈರಿಂಗ್ ಹಳತಾಗಿದೆ. ಎಲ್‌ಇಡಿಗೆ ಈ ಮೆಗ್ಗರ್ ಪರೀಕ್ಷೆ ಬೇಡ, ಅರ್ತ್ ಸಂಪರ್ಕ ನೋಡಿದರೆ ಸಾಕು.

ಅಮೆರಿಕದಿಂದ ಬಂದ ಪ್ರೊಫೈಲ್ ಆಗಿದ್ದರೆ ಒಳಗೆ 115 ಅಥವಾ 120 ವೋಲ್ಟಿನ ಬಲ್ಬ್ ಇರಬಹುದು. ನಮ್ಮ 230 ವೋಲ್ಟಿಗೆ ಹಾಕಿದರೆ ಕ್ಷಣದಲ್ಲಿ ಸಿಡಿಯುತ್ತದೆ. ಬಲ್ಬಿನ ಮೇಲಿನ ಬರಹ ಓದಿ, ಸೋರ್ಸ್ ಫೋರ್ ಆದರೆ ಅದಕ್ಕೆ ಹೊಂದುವ 240 ವೋಲ್ಟಿನ ಎಚ್‌ಪಿಎಲ್ ಹ್ಯಾಲೊಜೆನ್ ಬಲ್ಬ್ ಹಾಕಿ. ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಇದ್ದಲ್ಲಿ ಗಾಜು ಹಾಳಾಗಿ ಉಬ್ಬುತ್ತದೆ.

ಇನ್ನು ಆ 20 ಎಲ್‌ಇಡಿ ಪಾರ್‌ಗಳಲ್ಲಿ 6 ಸಾಕು, ಹಿಂಬೆಳಕಿಗೂ ಹಿಂಪರದೆಗೂ. ಕೆಂಪು, ಹಸಿರು, ನೀಲಿ ಮಾತ್ರ ಇರುವುದನ್ನು ಮುಖಕ್ಕೆ ಬಿಡಲೇಬೇಡಿ. ಅದರ ಬಿಳಿಯಲ್ಲಿ ಹಳದಿ-ಕೇಸರಿ ಭಾಗದ ಬೆಳಕು ತೀರಾ ಕಡಿಮೆ, ಚರ್ಮ ನಿರ್ಜೀವವಾಗಿ ಕಾಣುತ್ತದೆ, ಅರಿಶಿನ ಬಣ್ಣದ ಸೀರೆ ಕೆಟ್ಟು ಹೋಗುತ್ತದೆ. ಬಿಳಿ ಅಥವಾ ಆಂಬರ್ ಎಲ್‌ಇಡಿ ಕೂಡ ಇರುವುದನ್ನೇ ಆರಿಸಿ. 20ನ್ನೂ ಸಾಲಾಗಿ ಇಟ್ಟು ಒಂದೊಂದೇ ಬಣ್ಣ ಹಚ್ಚಿ, ಒಂದೇ ಥರ ಕಾಣುವ 6 ತೆಗೆದುಕೊಳ್ಳಿ. 5 ಶೇಕಡಾಕ್ಕೆ ಇಳಿಸಿ: ಮೆಲ್ಲಗೆ ಆರದೆ ಮೆಟ್ಟಿಲು ಮೆಟ್ಟಿಲಾಗಿ ಆರಿದರೆ ನಾಟಕದ ಫೇಡ್‌ಔಟಿಗೆ ಆಗುವುದಿಲ್ಲ. ಪೂರ್ತಿ ಬೆಳಕಿನಲ್ಲಿ 40 ನಿಮಿಷ ಉರಿಸಿ ಫ್ಯಾನಿನ ಸದ್ದು ಕೇಳಿ. ಮದುವೆ, ಆರ್ಕೆಸ್ಟ್ರಾದಲ್ಲಿ ಕೇಳಿಸದ ಸದ್ದು 120 ಕುರ್ಚಿಯ ಹಾಲಿನ ಮೌನದಲ್ಲಿ ಕೇಳಿಸುತ್ತದೆ. ಡಿಎಂಎಕ್ಸ್ ಕೇಬಲನ್ನು (ಲೈಟಿಗೆ ನಿಯಂತ್ರಣ ಸಿಗ್ನಲ್ ಒಯ್ಯುವುದು) ಒಂದರಿಂದ ಇನ್ನೊಂದಕ್ಕೆ ಕೊಟ್ಟು ಆರನ್ನೂ ಸರಪಳಿಯಾಗಿ ನಡೆಸಿ ನೋಡಿ, ಔಟ್ ಸಾಕೆಟ್ ಕೆಟ್ಟಿರುವುದು ಆಗ ಮಾತ್ರ ಗೊತ್ತಾಗುತ್ತದೆ. ಕೊನೆಯ ಲೈಟಿಗೆ 2 ಮತ್ತು 3ನೇ ಪಿನ್ ನಡುವೆ 120 ಓಮಿನ ರೆಸಿಸ್ಟರ್ ಇರುವ ಟರ್ಮಿನೇಟರ್ ಹಾಕಿದರೆ ಸಿಗ್ನಲ್ ತೊಂದರೆಯಿಂದಾಗುವ ಮಿನುಗು ಹೆಚ್ಚಿನಂಶ ನಿಲ್ಲುತ್ತದೆ. ಎಲ್‌ಇಡಿಯನ್ನು ಡಿಮ್ಮರಿಗೆ ಎಂದೂ ಸಿಕ್ಕಿಸಬೇಡಿ, ಫುಲ್‌ನಲ್ಲಿ ಇಟ್ಟರೂ ಸರಿಯಲ್ಲ.

ಡಿಮ್ಮರಿನ ಪ್ರತಿ ಚಾನೆಲ್ಲಿಗೂ 500 ವ್ಯಾಟಿನ ಹ್ಯಾಲೊಜೆನ್ ಕೊಟ್ಟು ಸೊನ್ನೆಯಿಂದ ಫುಲ್‌ವರೆಗೆ ಏರಿಸಿ. ಸಣ್ಣ ಎಲ್‌ಇಡಿ ಬಲ್ಬಿನಲ್ಲಿ ನೋಡಿದರೆ ಟ್ರಯಾಕ್ (ಡಿಮ್ಮರಿನೊಳಗೆ ಕರೆಂಟು ಏರಿಳಿಸುವ ಬಿಡಿಭಾಗ) ಸರಿಯಿದ್ದರೂ ತಪ್ಪು ತೋರಿಸಬಹುದು. ಸೊನ್ನೆಗಿಳಿಸಿದರೂ ಉರಿಯುತ್ತಿದ್ದರೆ ಟ್ರಯಾಕ್ ಶಾರ್ಟ್ ಆಗಿರಬಹುದು, ಬಿಡಿಭಾಗ ಸಿಕ್ಕರೆ ರಿಪೇರಿ ಸುಲಭ.

575 ವ್ಯಾಟಿನ 6 ಪ್ರೊಫೈಲ್, 650 ವ್ಯಾಟಿನ 4 ಫ್ರೆನೆಲ್ ಸೇರಿದರೆ 6,050 ವ್ಯಾಟ್, 26 ಆಂಪಿಯರ್. ಗೋಡೆಯ 15 ಆಂಪಿಯರಿನ ಸಾಕೆಟ್ ಇದನ್ನು ಹೊರುವುದಿಲ್ಲ. ಹಾಲಿನ ಮಂಜೂರಾದ ಲೋಡ್ ಎಷ್ಟು, ತ್ರೀ ಫೇಸ್ ಇದೆಯೇ ಎಂದು ವಿಚಾರಿಸಿದ ಮೇಲೆಯೇ ಮುಂಗಡ ಕೊಡಿ. ತ್ರೀ ಫೇಸಿನಲ್ಲಿ ಹಂಚಿದರೂ ನ್ಯೂಟ್ರಲ್ ವೈರ್ ಫೇಸಿಗಿಂತ ತೆಳುವಾಗಿರಬಾರದು, ಡಿಮ್ಮರ್‌ಗಳ ಹಾರ್ಮೋನಿಕ್ ಕರೆಂಟು (ಅಲೆಯ ಆಕಾರ ಕೆಟ್ಟು ಹುಟ್ಟುವ ಹೆಚ್ಚುವರಿ ಕರೆಂಟು) ಅಲ್ಲಿ ಕೂಡಿಕೊಂಡು ಕಾಯಿಸುತ್ತದೆ.

ಮೂವಿಂಗ್ ಹೆಡ್ ಬೇಡ. ಸದ್ದು, ಸವೆದ ಬೆಲ್ಟು, ದುಬಾರಿ ಬಲ್ಬು. ಪಾರ್ 64 ಅಗ್ಗಕ್ಕೆ ಬಂದರೆ ಮಧ್ಯಮ ಅಗಲಕ್ಕೆ ಹರಡುವ ಸಿಪಿ 62 ಬಲ್ಬಿನ ನಾಲ್ಕನ್ನು ಮುಂದಿನ ಹಂತಕ್ಕೆ ಇಟ್ಟುಕೊಳ್ಳಿ. ಒಂದೊಂದೂ 1,000 ವ್ಯಾಟ್ ತಿನ್ನುತ್ತದೆ, ಮೇಲಿನ ಲೆಕ್ಕಕ್ಕೆ ಅದನ್ನೂ ಕೂಡಿಸಬೇಕು. ಪ್ರತಿ ಬಗೆಯ ಬಲ್ಬಿಗೂ ಎರಡು ಹೊಸದು ಇಂದೇ ಸಿಗುತ್ತದೆಯೇ ಎಂದು ಅಂಗಡಿಗೆ ಫೋನ್ ಮಾಡಿ ಕೇಳಿ, ಇಲ್ಲವೆಂದರೆ ಆ ಲೈಟನ್ನು ಪಟ್ಟಿಯಿಂದ ಹೊಡೆದುಹಾಕಿ. ಪ್ರತಿ ಲೈಟಿಗೂ ಕ್ಲ್ಯಾಂಪಲ್ಲದೆ ಪೈಪನ್ನು ಸುತ್ತಿ ಬರುವ ಉಕ್ಕಿನ ಸೇಫ್ಟಿ ವೈರ್ ಹೊಸದನ್ನೇ ಕೊಳ್ಳಿ, ನಿಮ್ಮ ಮುಂದಿನ ಪೈಪಿನ ಕೆಳಗೆ ಪ್ರೇಕ್ಷಕರು ಕೂರುತ್ತಾರೆ.