ಕಾನ್ಸೆಪ್ಟ್ ಮ್ಯಾಪ್‌ನಲ್ಲಿ ಗೆರೆಗಳೇ ಮುಖ್ಯ

"ಬೇರೆ ದೇಶ, ಬೇರೆ ಭಾಷೆ, ಹೇಗೋ ಹೊಂದಿಕೊಂಡೆ ಅಕ್ಕಾ. ಆದರೆ ವಾರ್ಡ್‌ನಲ್ಲಿ ಕೇರ್ ಪ್ಲಾನನ್ನು ಕಾನ್ಸೆಪ್ಟ್ ಮ್ಯಾಪ್ ಮಾಡಿ ತೋರಿಸು ಅಂತಾರೆ, ತಲೆಬುಡ ಗೊತ್ತಾಗ್ತಿಲ್ಲ" ಅಂತ ಕೇಳಿದ್ದೀಯ. ಗಾಬರಿಯಾಗಬೇಡ. ಕೇರ್ ಪ್ಲಾನ್ ಅಂದರೆ ರೋಗಿಯ ಆರೈಕೆಯ ಯೋಜನೆ. ಅಸೆಸ್‌ಮೆಂಟ್‌ನಿಂದ (ರೋಗಿಯ ಸ್ಥಿತಿ ತಿಳಿಯೋದು) ಇವ್ಯಾಲ್ಯುಯೇಶನ್‌ವರೆಗಿನ (ಆರೈಕೆಯಿಂದ ಫಲ ಸಿಕ್ಕಿತಾ ಅಂತ ನೋಡೋದು) ನರ್ಸಿಂಗ್‌ನ ಅದೇ ಐದು ಹಂತ. ಕಾಲಂ ಹಾಕಿ ಬರೆಯುತ್ತಿದ್ದದ್ದನ್ನು ಇಲ್ಲಿ ಡಬ್ಬಿ, ಗೆರೆಗಳ ಚಿತ್ರವಾಗಿ ಹಾಳೆಯ ತುಂಬ ಹರಡಬೇಕು, ಅಷ್ಟೇ.

ಹಾರ್ಟ್ ಫೇಲ್ಯೂರ್ (ಹೃದಯ ಸಾಕಷ್ಟು ರಕ್ತ ಪಂಪ್ ಮಾಡದ ಸ್ಥಿತಿ) ಆಗಿ ಬಂದ ವಯಸ್ಸಾದವರೊಬ್ಬರು ಅಂದುಕೋ. ಅಡ್ಮಿಟ್ ಆದ ಕಾರಣ ನಡುವೆ ಬರಲಿ. ಸುತ್ತ ಮೂರು ಡಬ್ಬಿ: ಮೈಯಲ್ಲಿ ನೀರು ಜಾಸ್ತಿ, ಉಸಿರಾಟಕ್ಕೆ ಕಷ್ಟ, ಬೀಳುವ ಅಪಾಯ. ಕಾಲಿನ ಬಾವು, ದಿನದ ತೂಕ, ಇಂಟೇಕ್-ಔಟ್‌ಪುಟ್ (ಒಳಗೆ ಹೋದ, ಹೊರಗೆ ಬಂದ ದ್ರವದ ಲೆಕ್ಕ) ಮೊದಲನೆಯದರ ಒಳಗೆ. ಇಲ್ಲಿಯವರೆಗೆ ಯಾರು ಬೇಕಾದರೂ ಬರೀತಾರೆ.

ಈಗ ಗೆರೆ ಎಳಿ. ನೀರು ಇಳಿಸಲು ಮೂತ್ರ ಹೆಚ್ಚಿಸುವ ಔಷಧಿ ಫ್ಯೂರೋಸೆಮೈಡ್ ಕೊಡ್ತಾರೆ, ಅದು ರಕ್ತದಲ್ಲಿ ಪೊಟ್ಯಾಸಿಯಂ ಇಳಿಸುತ್ತದೆ. ಅವರು ಹೃದಯದ ಔಷಧಿ ಡಿಗಾಕ್ಸಿನ್ ಕೂಡ ತಗೊಳ್ತಿದ್ದರೆ, ಪೊಟ್ಯಾಸಿಯಂ ಇಳಿದಷ್ಟೂ ಡಿಗಾಕ್ಸಿನ್ ವಿಷವಾಗುವ ಭಯ ಜಾಸ್ತಿ. ಅದೇ ಫ್ಯೂರೋಸೆಮೈಡ್‌ನಿಂದ ಇನ್ನೊಂದು ಗೆರೆ ಬೀಳುವ ಅಪಾಯದ ಡಬ್ಬಿಗೆ. ರಾತ್ರಿ ಮೂತ್ರಕ್ಕೆ ಎದ್ದೆದ್ದು ಹೋಗ್ತಾರೆ, ಎದ್ದು ನಿಂತಾಗ ಬಿಪಿ ಇಳಿಯುತ್ತದೆ. ಈ ಗೆರೆ ಕಂಡ ಮೇಲೆ ಮಾಡಬೇಕಾದದ್ದು ತಾನಾಗೇ ಹೊಳೆಯುತ್ತದೆ: ಎರಡನೇ ಡೋಸ್ ಮಧ್ಯಾಹ್ನವೇ ಕೊಡಬಹುದಾ ಅಂತ ಡಾಕ್ಟರನ್ನು ಕೇಳೋದು, ಕಾಲ್ ಬೆಲ್ ಕೈಗೆಟುಕುವ ಹಾಗೆ ಇಡೋದು. ಕಾಲಂನಲ್ಲಿ ಔಷಧಿ ಒಂದು ಕಡೆ, ಬೀಳೋದು ಇನ್ನೊಂದು ಕಡೆ ಇರುತ್ತಿತ್ತು, ಅಲ್ವಾ?

ಪ್ರತಿ ಗೆರೆಯ ಮೇಲೂ 'ಇಳಿಸುತ್ತದೆ', 'ಇದರಿಂದ' ಅಂತ ಒಂದೆರಡು ಪದ ಬರಿ. ಸುಮ್ನೆ ಬಾಣ ಹಾಕಿದರೆ "ಯಾಕೆ?" ಅಂತ ಕೇಳೇ ಕೇಳ್ತಾರೆ. ಹೊಸಬರಿಗೆ ಆ "ಯಾಕೆ" ಬೈಗುಳದ ಹಾಗೆ ಕೇಳಿಸುತ್ತದೆ. ಬೈಗುಳ ಅಲ್ಲ. 1970ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಜೊತೆಯವರು ಈ ಮ್ಯಾಪ್ ರೂಪಿಸಿದ್ದೇ ಮಕ್ಕಳಿಗೆ ವಿಜ್ಞಾನ ಎಷ್ಟು ಅರ್ಥವಾಗಿದೆ ಅಂತ ತಿಳಿಯೋಕೆ. ನರ್ಸಿಂಗ್‌ಗೆ ಬಂದದ್ದು ಆಮೇಲೆ. ಹಾಗಾಗಿ ಗೆರೆಗಳನ್ನು ಬಾಯಲ್ಲಿ ಹೇಳಿ ಅಭ್ಯಾಸ ಮಾಡಿಕೋ. ಮುಂದಿನ ಡ್ಯೂಟಿಯವರಿಗೆ ರೋಗಿಯ ವಿಷಯ ಹೇಳಿ ಒಪ್ಪಿಸುವ ಹ್ಯಾಂಡೋವರ್‌ಗೂ ಆಗುತ್ತದೆ.

ಸಾಫ್ಟ್‌ವೇರ್‌ಗೆ ದುಡ್ಡು ಹಾಕಬೇಡ, ಪೆನ್ಸಿಲ್ ಸಾಕು. ಲ್ಯಾಬ್ ರಿಪೋರ್ಟ್ ಬಂದಾಗಲೆಲ್ಲ ಅಳಿಸಿ ತಿದ್ದಬೇಕಲ್ಲ. ಇನ್ನೊಂದು ಮಾತು: ಹಾಳೆ ಮೇಲೆ ರೋಗಿಯ ಹೆಸರು, ಬೆಡ್ ನಂಬರ್ ಬರೆಯಬೇಡ. ಡ್ಯೂಟಿ ಮುಗಿಸಿ ಹೊರಡುವ ಮುಂಚೆ ಹಾಳೆ ಉಳಿದಿದೆಯಾ ಅಂತ ಜೇಬು ನೋಡಿಕೋ.